ಮಳೆ ಹಿಡಿಯುವ ಮೊದಲು ಸರಪಳಿ ನೋಡಿ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆಯಲ್ಲಿ ಮೇ ತಿಂಗಳಲ್ಲಿ ಸಭೆ ಕರೆದರೆ ಜನ ಸೇರುವುದು ಕಷ್ಟ. ಒಂದು ಕಡೆ ಮದುವೆಗಳು, ಇನ್ನೊಂದು ಕಡೆ ತೋಟದಲ್ಲಿ ನೆರಳಿನ ಮರಗಳ ಕೊಂಬೆ ಸವರುವ ಮರಗಸಿ. ಅಂಥದ್ದರಲ್ಲಿ ನಾಯಿ ಬೆಕ್ಕಿನ ಮಾತು ಕೇಳಲು ಇಷ್ಟು ಮಂದಿ ಬಂದಿದ್ದೀರಿ. ಮೂವತ್ತು ವರ್ಷ ಪಶುವೈದ್ಯನಾಗಿ ದುಡಿದವನಿಗೆ ಇದಕ್ಕಿಂತ ದೊಡ್ಡ ಹಾರ ಬೇಡ.

2019ರ ಆಗಸ್ಟ್ ನಿಮಗೆಲ್ಲ ನೆನಪಿದೆ. ಆಶ್ಲೇಷಾ ಮಳೆಯಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡಗಳು ಜಾರಿದವು. ಮಳೆ ಸ್ವಲ್ಪ ಬಿಟ್ಟ ಮೇಲೆ ಒಂದು ಮನೆಗೆ ಹೋಗಿದ್ದೆ. ಯಾವ ಊರು, ಯಾರ ಮನೆ ಎಂದು ಹೇಳುವುದಿಲ್ಲ. ಮನೆಯವರೆಲ್ಲ ರಾತ್ರಿಯೇ ಹೊರಟು ಜೀವ ಉಳಿಸಿಕೊಂಡಿದ್ದರು. ಕೊಟ್ಟಿಗೆಯ ಕಂಬ ಮಾತ್ರ ನಿಂತಿತ್ತು. ಕಂಬಕ್ಕೆ ಸುತ್ತಿದ ಸರಪಳಿ ಬಿಗಿಯಾಗಿ ಎಳೆದುಕೊಂಡು ಕೆಂಪು ಮಣ್ಣಿನೊಳಗೆ ಇಳಿದಿತ್ತು. ಕೊಕ್ಕೆಯ ಜಾಗದಲ್ಲಿ ದಪ್ಪ ತಂತಿ, ಮೂರು ಸುತ್ತು. ಇಕ್ಕಳ ಇಲ್ಲದೆ ಬಿಚ್ಚುವಂತಿರಲಿಲ್ಲ. ಯಜಮಾನರು, "ಡಾಕ್ಟರೇ, ಬಿಚ್ಚಿದ್ದರೆ ಉಳಿಯುತ್ತಿತ್ತೇ?" ಎಂದು ಕೇಳಿದರು. ನಾನು ಮಣ್ಣನ್ನು ನೋಡುತ್ತಾ ನಿಂತೆ.

ಕಟ್ಟಿದ ಪ್ರಾಣಿಗೆ ಓಡುವುದಕ್ಕೂ ಈಜುವುದಕ್ಕೂ ದಾರಿಯಿಲ್ಲ. ಬಿಟ್ಟ ದನ ಎತ್ತರದ ಜಾಗ ಹುಡುಕಿಕೊಳ್ಳುತ್ತದೆ, ನಾಯಿಯೂ ಅಷ್ಟೇ. ಜೊತೆಯಲ್ಲಿ ಕರೆದುಕೊಂಡು ಹೋಗುವುದೇ ಮೊದಲ ಆಯ್ಕೆ. ಆಗದಿದ್ದರೆ ಕೊರಳ ಕಟ್ಟು ಬಿಚ್ಚಿ, ಕೊಟ್ಟಿಗೆಯ ಬಾಗಿಲು ತೆರೆದು ಹೋಗಿ. ಆ ಗಡಿಬಿಡಿಯಲ್ಲಿ ತಂತಿ ಬಿಚ್ಚಲು ಆಗುವುದಿಲ್ಲ. ಅದನ್ನು ಈಗಲೇ, ಬಿಸಿಲಿರುವಾಗಲೇ, ತೆಗೆದು ಹಾಕಿ.

ಸರಪಳಿ ಮಳೆಗಾಲಕ್ಕೆ ಮಾತ್ರ ಶತ್ರುವಲ್ಲ. ಕಾಫಿ ಒಣಗಿಸುವ ದಿನಗಳಲ್ಲಿ ಕಳ್ಳರ ಭಯಕ್ಕೆ ರಾತ್ರಿಯಿಡೀ ನಾಯಿಯನ್ನು ಕಣದ ಅಂಚಿಗೆ ಕಟ್ಟುತ್ತೇವೆ. ಅದು ಕಾವಲಲ್ಲ, ಚಿರತೆಗೆ ಬಡಿಸಿಟ್ಟ ಎಲೆ. ಬೆಳಿಗ್ಗೆ ಕೊರಳಪಟ್ಟಿ ಮಾತ್ರ ಸಿಕ್ಕ ಮನೆಗಳನ್ನು ಬಲ್ಲೆ. ಮಾರ್ಚ್ ಬಂದರೆ ಅದೇ ಕಣದ ಸಿಮೆಂಟು ಕಾದ ಹೆಂಚಾಗುತ್ತದೆ. ನಿಮ್ಮ ಅಂಗೈಯನ್ನು ಅದರ ಮೇಲೆ ಐದು ಎಣಿಸುವವರೆಗೆ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಆಗದು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಲ್ಲೇ ಕಾವು ಕಳೆಯಬೇಕು. ಅದರ ಸಹಜ ಮೈಕಾವು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬಿಸಿಲಿನಲ್ಲಿದ್ದದ್ದು 104 ದಾಟಿ, ಜೊಲ್ಲು ಸುರಿಸುತ್ತಾ ತೂರಾಡಿದರೆ ನೆರಳಿಗೆ ತನ್ನಿ, ಮೈಗೆ ತಣ್ಣೀರು ಹೊಯ್ದು ಗಾಳಿ ಹಾಕಿ, ಹಾಗೆಯೇ ಆಸ್ಪತ್ರೆಗೆ ಹೊರಡಿ. ದೀಪಾವಳಿಯ ಪಟಾಕಿಗೆ ಬೆದರಿ ಜಿಗಿದು ಸರಪಳಿಯಲ್ಲೇ ನೇಣು ಬಿದ್ದದ್ದೂ ಉಂಟು. ಹಾಗೆಂದು ಬೀದಿಗೆ ಬಿಡಿ ಎನ್ನುತ್ತಿಲ್ಲ. ಚಿಲಕವಿರುವ ಒಂದು ಗಟ್ಟಿ ಗೂಡು ಮಾಡಿಸಿ. ಕಾರಿಗೆ ಶೆಡ್ ಕಟ್ಟುವವರಿಗೆ ಅದೊಂದು ಖರ್ಚೇ?

ಇನ್ನು ಮಳೆಗಾಲದ ಸಣ್ಣ ಶತ್ರುಗಳು. ಕಾಡಿನ ಜಿಗಣೆ ಇಂಬಳ ನಮಗೆ ಹಳೆಯ ನೆಂಟ, ಕಾಲಿಗೆ ಹತ್ತಿದರೆ ಕಿತ್ತು ಎಸೆಯುತ್ತೇವೆ. ಹಳ್ಳದಲ್ಲಿ ನೀರು ಕುಡಿಯುವ ನಾಯಿಯ ಮೂಗಿಗೆ ಜಿಗಣೆ ಸೇರಿಕೊಂಡರೆ ಕಾಣುವುದಿಲ್ಲ. ಒಂದೇ ಹೊಳ್ಳೆಯಿಂದ ರಕ್ತ, ಬಿಡದ ಸೀನು ಇದ್ದರೆ ಅದೇ ಅನುಮಾನ ಇರಲಿ. ಕೆಲವು ಗಂಟೆ ನೀರು ಕೊಡದೆ ಇಟ್ಟು, ಆಮೇಲೆ ತಣ್ಣೀರಿನ ಬಟ್ಟಲನ್ನು ಮೂಗಿನ ಹತ್ತಿರ ಹಿಡಿಯುತ್ತೇನೆ. ನೀರಿನ ತಂಪಿಗೆ ಕಪ್ಪು ತುದಿ ನಿಧಾನವಾಗಿ ಹೊರಗೆ ಇಣುಕುತ್ತದೆ. ಅದು ಒಳಗೆ ಸರಿಯುವ ಮೊದಲು ಚಿಮಟದಲ್ಲಿ ಹಿಡಿಯಬೇಕು. ಮನೆಯಲ್ಲಿ ಉಪ್ಪು, ಹೊಗೆಸೊಪ್ಪಿನ ನೀರನ್ನು ಮೂಗಿಗೆ ಹೊಯ್ಯುವ ಸಾಹಸ ಬೇಡ.

ಇಲಿ ಜ್ವರ ನಿಂತ ನೀರಿನಲ್ಲಿ ಇಲಿಯ ಮೂತ್ರದಿಂದ ಬರುತ್ತದೆ. ನಾಯಿಗೂ ಬರುತ್ತದೆ, ನಾಯಿಯಿಂದ ನಮಗೂ ಬರುತ್ತದೆ, ನಾಯಿಗೆ ಲಸಿಕೆಯೂ ಇದೆ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಅದರ ಕಾಲ ಮಳೆಯಲ್ಲ, ಬೇಸಿಗೆಯ ಒಣ ದಿನಗಳು. ಕಾಡಿಗೆ ಹೋಗಿ ಬಂದ ನಾಯಿ ಅದನ್ನು ಹರಡುವ ಉಣುಗುಗಳನ್ನು ಮನೆಯೊಳಗೆ ತರಬಲ್ಲದು. ಸಂಜೆ ಅದರ ಕಿವಿಯ ಒಳಮಡಿಕೆ, ಬೆರಳಿನ ಸಂದಿ ನೋಡಿ. ಉಣುಗನ್ನು ಬರಿಗೈಯಲ್ಲಿ ಹೊಸಕಬೇಡಿ.

ಇಷ್ಟೆಲ್ಲದರಲ್ಲಿ ನನಗೆ ಸಿಟ್ಟು ಬರುವುದು ನಾವೇ ಕೊಡುವ ವಿಷದ ಬಗ್ಗೆ. ತೋಟದಲ್ಲಿ ಬಸವನಹುಳು ಹೆಚ್ಚಾದರೆ ತೌಡು, ಬೆಲ್ಲ ಬೆರೆಸಿ ವಿಷದ ಉಂಡೆ ಇಡುತ್ತೇವೆ. ಬೆಲ್ಲದ ವಾಸನೆ ಹುಳುವಿಗಿಂತ ಮೊದಲು ನಾಯಿಯನ್ನು ಕರೆಯುತ್ತದೆ. ಬಸವನಹುಳುವಿನ ವಿಷವಾದ ಮೆಟಾಲ್ಡಿಹೈಡ್ ತಿಂದ ನಾಯಿ ಸ್ವಲ್ಪ ಹೊತ್ತಿನಲ್ಲೇ ನಡುಗಿ, ಸೆಟೆದುಕೊಂಡು, ಮೈ ಕೆಂಡವಾಗುತ್ತದೆ. ಅದಕ್ಕೆ ಉಪ್ಪುನೀರು ಕುಡಿಸುತ್ತಾ ಕೂರಬೇಡಿ. ವಿಷದ ಪೊಟ್ಟಣವನ್ನೂ ಜೊತೆಗೆ ತನ್ನಿ, ನಮಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ. ಬೆಕ್ಕಿಗೆ ಜ್ವರವೆಂದು ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ನಮಗೆ ತಲೆನೋವು ಇಳಿಸುವ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ದನದ ಉಣುಗಿಗೆ ಹಚ್ಚುವ ಔಷಧವನ್ನೂ ಬೆಕ್ಕಿಗೆ ಸೋಕಿಸಬೇಡಿ.

ರೇಬಿಸ್ ಲಸಿಕೆ ಮರಿಗೆ ಮೂರು ತಿಂಗಳಾದಾಗ, ಆಮೇಲೆ ವರ್ಷಕ್ಕೊಮ್ಮೆ. ಯಾರಿಗಾದರೂ ನಾಯಿ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಮೆಣಸಿನಪುಡಿ, ಸುಣ್ಣ ಹಚ್ಚುವುದನ್ನು ಇನ್ನಾದರೂ ಬಿಡೋಣ. ಅವಸರದಲ್ಲಿ ಮನೆ ಬಿಡಬೇಕಾದ ದಿನಕ್ಕೆಂದು ಲಸಿಕೆಯ ಚೀಟಿ, ನಾಲ್ಕು ದಿನದ ಆಹಾರ, ಬೆಕ್ಕಿದ್ದರೆ ಗಾಳಿಯಾಡುವ ಬುಟ್ಟಿ, ನಾಯಿಯ ಜೊತೆ ನೀವಿರುವ ಒಂದು ಫೋಟೊ, ಇಷ್ಟನ್ನು ಬಾಗಿಲ ಹಿಂದೆ ಒಂದು ಚೀಲದಲ್ಲಿ ತೂಗುಹಾಕಿ. ಪಶು ಆಂಬುಲೆನ್ಸಿನ ಸಂಖ್ಯೆ 1962 ಆ ಚೀಲದ ಮೇಲೇ ಬರೆದಿರಲಿ, ಫೋನಿನೊಳಗೆ ಮಾತ್ರ ಸಾಲದು. ನಮ್ಮಲ್ಲಿ ಕರೆಂಟು ಹೋದರೆ ಎಷ್ಟು ದಿನವೆಂದು ನಿಮಗೇ ಗೊತ್ತು.

ಈಗ ಒಂದು ಕೆಲಸವಿದೆ. ಮುಂದಿನ ಸಾಲಿಗೆ ಎರಡು ಕೊಕ್ಕೆ ಕೊಡುತ್ತಿದ್ದೇನೆ. ಒಂದು ಹೊಸದು, ಒಂದು ನನ್ನದೇ ಮನೆಯ ತುಕ್ಕು ಹಿಡಿದದ್ದು. ಆ ಚೆಂಬಿನ ನೀರಿನಲ್ಲಿ ಕೈ ಒದ್ದೆ ಮಾಡಿಕೊಂಡು, ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ಬಿಚ್ಚಲು ಬರುತ್ತದೆಯೇ ನೋಡಿ ಹಿಂದಿನವರಿಗೆ ದಾಟಿಸಿ. ಅಷ್ಟರಲ್ಲಿ ಯಾರಿಗಾದರೂ ಪ್ರಶ್ನೆಯಿದ್ದರೆ ಕೇಳಬಹುದು.