ಕಿರಣ ಎಲ್ಲಿ ನಿಲ್ಲುತ್ತದೆ?

ಕೇಳುಗರಿಗೆ ನಮಸ್ಕಾರ.

ಎರಡು ಸೆಂಟಿಮೀಟರ್ ದಪ್ಪದ, ತಿಳಿನೀರಿನಂಥ ಅಕ್ರಿಲಿಕ್ ಹಲಗೆಯೊಂದನ್ನು ಕಣ್ಮುಂದೆ ತಂದುಕೊಳ್ಳಿ. ವೇಗವರ್ಧಕ ಯಂತ್ರದಿಂದ ಹೊರಟ 20 ಲಕ್ಷ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಲೆಕ್ಟ್ರಾನ್ ಕಿರಣ ಅದರ ಮೇಲೆ ಹಾಯುತ್ತದೆ. ಹೊರತೆಗೆದು ನೋಡಿದರೆ ವಿಶೇಷವೇನೂ ಕಾಣದು. ಅಂಚಿಗೆ ಅರ್ಥ್ ಮಾಡಿದ ಚೂಪು ಮೊಳೆ ತಾಗಿಸಿ ಒಂದೇಟು ಬಡಿದರೆ ಚಟೀರೆಂಬ ಸದ್ದು, ಕಣ್ಣು ಕೋರೈಸುವ ಬೆಳಕು. ಮೇಲ್ಮೈಯಿಂದ ಅರ್ಧ ಸೆಂಟಿಮೀಟರಿಗಿಂತ ತುಸು ಕೆಳಗೆ, ಬೇರು ಹರಡಿದಂತೆ ಕವಲೊಡೆದ ಗೆರೆಗಳು. 1777ರಲ್ಲಿ ಜರ್ಮನ್ ಭೌತವಿಜ್ಞಾನಿ ಲಿಶ್ಟೆನ್‌ಬರ್ಗ್ ದೂಳಿನ ಪದರದಲ್ಲಿ ಕಂಡ ಕವಲುಚಿತ್ರದ ಒಡಹುಟ್ಟು ಇದು.

ಗೆರೆಗಳು ಆ ಆಳದಲ್ಲೇ ಏಕೆ ಮೂಡಿದವು? ಎಲೆಕ್ಟ್ರಾನ್‌ಗಳು ಅಲ್ಲಿ ಸುಸ್ತಾಗಿ ನಿಂತದ್ದರಿಂದ. ದಾರಿಯುದ್ದಕ್ಕೂ ಅವು ಶಕ್ತಿ ಚೆಲ್ಲುತ್ತವೆ, ಅದು ಡೋಸ್. ತಾವು ಉಳಿಯುವುದು ದಾರಿಯ ಕೊನೆಯಲ್ಲಿ, ಅದು ಚಾರ್ಜ್. ಇವೆರಡನ್ನೂ ಒಂದೇ ಎಂದು ಹಿಡಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ಲೆಕ್ಕವನ್ನೇ ನೋಡೋಣ. ಪ್ರತಿ ಚದರ ಸೆಂಟಿಮೀಟರಿಗೆ 1 ಮೈಕ್ರೋಕೂಲಂಬ್ ಚಾರ್ಜಿನಷ್ಟು ಎಲೆಕ್ಟ್ರಾನ್ ಹಾಯಿಸಿದರೆ, ಈ ಶಕ್ತಿಯಲ್ಲಿ ಡೋಸ್ ಸುಮಾರು 2 ಕಿಲೋಗ್ರೇ, ಅಂದರೆ ಕಿಲೋಗ್ರಾಂ ವಸ್ತುವಿಗೆ 2,000 ಜೂಲ್ ಶಕ್ತಿ. ತೀರಾ ಸಣ್ಣ ಡೋಸ್. ಆದರೆ ಅಷ್ಟೂ ಚಾರ್ಜ್ ಅಕ್ರಿಲಿಕ್ಕಿನ ಒಳಗೇ ಉಳಿದು, ಅದರ ವಿದ್ಯುತ್ ಕ್ಷೇತ್ರವೆಲ್ಲ ಒಂದೇ ಕಡೆಗೆ ಚಾಚಿದರೆ ಮೀಟರಿಗೆ 30 ಕೋಟಿ ವೋಲ್ಟ್! ಹತ್ತು ಕೋಟಿಯ ಆಸುಪಾಸಿನಲ್ಲೇ ಅಕ್ರಿಲಿಕ್, ಪಾಲಿಥೀನಿನಂಥ ಬಹಳಷ್ಟು ಪಾಲಿಮರ್‌ಗಳು ಸೀಳುವ ಅಪಾಯದಲ್ಲಿರುತ್ತವೆ. ಇನ್ನು ಕೇಬಲ್ಲಿನ ಪಾಲಿಥೀನ್ ಹೊದಿಕೆಯ ಅಣುಸರಪಳಿಗಳನ್ನು ಒಂದಕ್ಕೊಂದು ಬೆಸೆಯಲು ಬೇಕಾದ್ದು 100ರಿಂದ 200 ಕಿಲೋಗ್ರೇ. ಅಷ್ಟು ಎಲೆಕ್ಟ್ರಾನ್‌ಗಳು ಹೊದಿಕೆಯೊಳಗೆ ನಿಂತರೆ ಸೂಜಿಮೊನೆಯಷ್ಟು ತೂತುಗಳು ಬಿದ್ದು ಕೇಬಲ್ ಕೆಟ್ಟಿತೆಂದೇ ಅರ್ಥ. ಹಾಗಾಗಿ ಕಿರಣ ಹೊದಿಕೆಯನ್ನು ದಾಟಿ ತಾಮ್ರವನ್ನು ಮುಟ್ಟುವಷ್ಟು ಶಕ್ತಿಯನ್ನು ಆರಿಸಬೇಕು, ತಾಮ್ರಕ್ಕೆ ಅರ್ಥಿಂಗ್ ಇರಲೇಬೇಕು, ಎಲ್ಲ ಬದಿಗೂ ಕಿರಣ ತಾಗುವಂತೆ ಕೇಬಲ್ಲನ್ನು ಹೊರಳಿಸಬೇಕು. 10 ಲಕ್ಷ ಎಲೆಕ್ಟ್ರಾನ್‌ವೋಲ್ಟಿನ ಕಿರಣ ಪಾಲಿಥೀನಿನಲ್ಲಿ ಹೋಗುವುದು ನಾಲ್ಕು ಮಿಲಿಮೀಟರ್ ಚಿಲ್ಲರೆ ಮಾತ್ರ.

ಕಿರಣಕ್ಕೆ ಇನ್ನೊಂದು ಗುಣವಿದೆ. ಬೀಳುತ್ತಿರುವಷ್ಟು ಹೊತ್ತೂ ಅದು ಅವಾಹಕವನ್ನು ಸ್ವಲ್ಪ ವಾಹಕವಾಗಿಸುತ್ತದೆ. ಈ ವಾಹಕತೆ ಡೋಸ್ ದರದ ಒಂದು ಘಾತದಂತೆ ಏರುತ್ತದೆ; ಘಾತಾಂಕ ಸಾಮಾನ್ಯವಾಗಿ 0.5 ಮತ್ತು 1ರ ನಡುವೆ. ಘಾತಾಂಕ ಅರ್ಧ ಎಂದುಕೊಳ್ಳಿ. ಕಿರಣದ ಪ್ರವಾಹವನ್ನು ದುಪ್ಪಟ್ಟು ಮಾಡಿದಾಗ ಸೋರಿಕೆಯ ದಾರಿ ಅಗಲವಾಗುವುದು 1.4 ಪಟ್ಟು ಮಾತ್ರ, ಉಳಿದದ್ದನ್ನು ಕ್ಷೇತ್ರ ಏರಿ ಸರಿದೂಗಿಸಬೇಕು. ಅದಕ್ಕೇ ಅವಸರದ ಒಂದು ಸುತ್ತಿಗಿಂತ ಕಡಿಮೆ ಪ್ರವಾಹದ ಹಲವು ಸುತ್ತು ಮೇಲು. ಕಿರಣ ನಿಂತ ಮೇಲೂ ಈ ವಾಹಕತೆ ಥಟ್ಟನೆ ಸೊನ್ನೆಗಿಳಿಯುವುದಿಲ್ಲ, ನಿಧಾನವಾಗಿ ಇಳಿಯುತ್ತದೆ. ಕಿರಣ ತಲುಪದ ಆಳದಲ್ಲಿ ಮಾತ್ರ ಪಾಲಿಮರ್ ಮೊದಲಿನಂತೆಯೇ ಗಟ್ಟಿ ಅವಾಹಕ. ಮುಂದೆ ಹೋಗಲಾರದ ಚಾರ್ಜ್ ಆ ಗಡಿಯಲ್ಲೇ ಕೂರುತ್ತದೆ. ಕಿರಣ ಮುರಿದ ಬಂಧಗಳು, ಆಮ್ಲಜನಕ ಸೇರಿ ಹುಟ್ಟಿದ ಕಾರ್ಬೊನಿಲ್ ಎಂಬ ಇಂಗಾಲ-ಆಮ್ಲಜನಕ ಗುಂಪುಗಳು ಹೊಸ ಬೋನುಗಳಾಗಿ ಅದನ್ನು ಹಿಡಿದಿಡುತ್ತವೆ.

ಹೀಗೆ ಹಿಡಿದಿಡುವುದೇ ಬೇಕಾದ ಕಡೆಯೂ ಇದೆ. 1962ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಸೆಸ್ಲರ್ ಮತ್ತು ವೆಸ್ಟ್ ರೂಪಿಸಿದ ಎಲೆಕ್ಟ್ರೆಟ್ ಮೈಕ್ರೊಫೋನಿಗೆ ಬೇಕಾದದ್ದು ಚಾರ್ಜ್ ಬಿಟ್ಟುಕೊಡದ ಹಾಳೆ, ಅಂದರೆ ಎಲೆಕ್ಟ್ರೆಟ್. 25 ಮೈಕ್ರೋಮೀಟರಿನ ಎಫ್‌ಇಪಿ ಎಂಬ ಬಗೆಯ ಟೆಫ್ಲಾನ್ ಹಾಳೆಯ ಒಂದು ಬದಿಗೆ ಲೋಹ ಲೇಪಿಸಿ ಅರ್ಥ್ ಮಾಡಿ, ನಿರ್ವಾತ ಕೊಠಡಿಯಲ್ಲಿ ಇನ್ನೊಂದು ಬದಿಗೆ 20,000 ಎಲೆಕ್ಟ್ರಾನ್‌ವೋಲ್ಟಿನ ಕಿರಣ ಬಿಡಿ. ಅದು ನಾಲ್ಕೈದು ಮೈಕ್ರೋಮೀಟರ್ ಒಳಹೊಕ್ಕು ನಿಲ್ಲುತ್ತದೆ. ಚದರ ಸೆಂಟಿಮೀಟರಿಗೆ 1 ನ್ಯಾನೊಆಂಪಿಯರ್‌ನಂತೆ 20 ಸೆಕೆಂಡು ಸಾಕು, ಮೇಲ್ಮೈ ವಿಭವ (ವೋಲ್ಟೇಜ್) 200 ವೋಲ್ಟ್ ದಾಟುತ್ತದೆ. ಶಕ್ತಿಯನ್ನು ಸಾವಿರ ಎಲೆಕ್ಟ್ರಾನ್‌ವೋಲ್ಟಿನ ಆಸುಪಾಸಿಗೋ ಅದಕ್ಕೂ ಕೆಳಗೋ ಇಳಿಸಿದರೆ ಒಳಹೋಗುವುದಕ್ಕಿಂತ ಹೊರಚಿಮ್ಮುವ ಎಲೆಕ್ಟ್ರಾನ್‌ಗಳೇ ಹೆಚ್ಚಾಗಿ ಹಾಳೆ ಧನ ಚಾರ್ಜ್ ಪಡೆಯಬಹುದು.

ಎಲ್ಲ ಸರಿಯಾಗಿ ನಡೆದೂ ಕೊನೆಗೆ ಕೆಡುವುದು ನಿರ್ವಾತ ಕೊಠಡಿಗೆ ಗಾಳಿ ಬಿಡುವ ಹೊತ್ತಿನಲ್ಲಿ. ಒತ್ತಡ ಏರುವಾಗ ನಡುವೆ ಒಂದು ಹಂತದಲ್ಲಿ ಗಾಳಿಯಲ್ಲಿ ಕೆಲವೇ ನೂರು ವೋಲ್ಟಿಗೆ ವಿದ್ಯುತ್ ಕಿಡಿ ಹಾರುತ್ತದೆ. ಆಗ ಹಾಳೆಯ ಮೇಲೆ ಅಲ್ಲಲ್ಲಿ ಚಾರ್ಜ್ ಅಳಿಸಿಹೋಗಿ ಮಚ್ಚೆಗಳಾಗುತ್ತವೆ. ಆದ್ದರಿಂದ ಹೊರತೆಗೆದ ಹಾಳೆಯ ವಿಭವವನ್ನು ಮುಟ್ಟದೆ ಅಳೆಯುವ ಮೀಟರಿನಿಂದ ಒಂದೇ ಕಡೆ ನೋಡಿ ಬಿಡಬೇಡಿ. ಸೆಂಟಿಮೀಟರಿಗೊಂದರಂತೆ ಅಳೆಯಿರಿ, ಮರುದಿನ ಅದೇ ಬಿಂದುಗಳಲ್ಲಿ ಇನ್ನೊಮ್ಮೆ ಅಳೆಯಿರಿ.