ಸೈರನ್ ದನಿ ಬದಲಾಗುವುದೇಕೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಧಾರವಾಡದ ಕಡೆಯಿಂದ ಹುಬ್ಬಳ್ಳಿಯ ಕೆಎಂಸಿ-ಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೆ ರೋಗಿಯನ್ನು ಕರೆತರುವ ಆಂಬುಲೆನ್ಸಿನ ಸೈರನ್, ತೆರವಾದ ರಸ್ತೆಯಲ್ಲಿ ನಿಧಾನವಾಗಿ ಏರಿ ಇಳಿಯುತ್ತಿದ್ದುದು, ವಾಹನಗಳು ಕಿಕ್ಕಿರಿದ ವೃತ್ತ ಸಮೀಪಿಸಿದೊಡನೆ ಚುರುಕಾಗಿ ಮಿಡಿಯತೊಡಗುವುದನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ಸೈರನ್ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಹಲವು ಬಗೆಯ ದನಿಗಳಿರುತ್ತವೆ, ಮತ್ತು ಒಂದೊಂದಕ್ಕೂ ಬೇರೆ ಬೇರೆ ಕೆಲಸವಿದೆ.

ಒಂದೇ ಸಮನೆ ಮೊಳಗುವ ಶಬ್ದಕ್ಕೆ ನಮ್ಮ ಕಿವಿ ಬಹುಬೇಗ ಒಗ್ಗಿಕೊಳ್ಳುತ್ತದೆ. ಹಿಟ್ಟಿನ ಗಿರಣಿಯ ಪಕ್ಕದ ಮನೆಯವರಿಗೆ ಗಿರಣಿಯ ಸದ್ದು ಅರಿವಿಗೆ ಬರುವುದು ಅದು ನಿಂತಾಗಲೇ. ಅದಕ್ಕಾಗಿಯೇ ಸೈರನ್ನಿನ ಸ್ವರ ಸದಾ ಏರಿಳಿಯುತ್ತಿರುತ್ತದೆ. ಇನ್ನೊಂದು ಕಾರಣವೂ ಇದೆ: ಎಂಜಿನ್ನಿನ ಗದ್ದಲ ಕೆಲವು ಸ್ವರಗಳನ್ನು ಮುಚ್ಚಿಹಾಕುತ್ತದೆ, ಕಾರಿನ ಮುಚ್ಚಿದ ಗಾಜು ಮತ್ತೆ ಕೆಲವನ್ನು ತಡೆಯುತ್ತದೆ, ಕೆಳಗಿನಿಂದ ಮೇಲಿನವರೆಗೆ ಸಂಚರಿಸುವ ದನಿಯಾದರೆ ಅದರ ಯಾವುದಾದರೊಂದು ಭಾಗ ಒಳಗೆ ಕುಳಿತವರನ್ನು ತಲುಪುತ್ತದೆ.

ನಿಧಾನವಾದ ಕೂಗಿನ ಒಂದು ಏರಿಳಿತಕ್ಕೆ ಸುಮಾರು 5 ಸೆಕೆಂಡು ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ವಾಹನ ಅಷ್ಟರಲ್ಲಿ 80 ಮೀಟರಿಗಿಂತ ಹೆಚ್ಚು ದೂರ ಕ್ರಮಿಸಿರುತ್ತದೆ. ದೂರದವರನ್ನು ಮುಂಚಿತವಾಗಿ ಎಚ್ಚರಿಸಲು ಇದು ಸಾಕು. ಆದರೆ ಅಡ್ಡರಸ್ತೆಯಿಂದ ನುಗ್ಗುವ ಬೈಕ್ ಸವಾರನಿಗೆ ಅಷ್ಟು ಹೊತ್ತು ಕಾಯುವ ಅವಕಾಶವಿಲ್ಲ. ಚುರುಕು ದನಿ ಸೆಕೆಂಡಿಗೆ ಸುಮಾರು 3 ಸಲ ಏರಿಳಿಯುವುದರಿಂದ ಅವನನ್ನು ಕೂಡಲೇ ತಡೆದು ನಿಲ್ಲಿಸಬಲ್ಲದು. ದನಿ ಬದಲಾದುದೇ ಒಂದು ಸೂಚನೆ. ಕೇಳಿಯೂ ಕೇಳದಂತಿದ್ದವರು ಆಗ ತಲೆಯೆತ್ತುತ್ತಾರೆ.

ಸದ್ದು ಯಾವ ದಿಕ್ಕಿನದೆಂದು ತಿಳಿಯುವುದು ಇದಕ್ಕಿಂತ ಕಷ್ಟ. ಎರಡು ಕಿವಿಗಳಿಗೆ ಶಬ್ದ ತಲುಪುವ ಹೊತ್ತಿನಲ್ಲಿರುವ, ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆಯಾದ ಅಂತರವನ್ನು ಆಧರಿಸಿ ಮಿದುಳು ದಿಕ್ಕನ್ನು ಅಂದಾಜು ಮಾಡುತ್ತದೆ. ಎರಡೂ ಬದಿಗೆ ಎತ್ತರದ ಕಟ್ಟಡಗಳಿರುವ ಪೇಟೆಯ ಬೀದಿಗಳಲ್ಲಿ ಪ್ರತಿಧ್ವನಿ ಈ ಅಂದಾಜನ್ನು ಕೆಡಿಸುತ್ತದೆ. ಆದುದರಿಂದ ಕಿವಿಯನ್ನಷ್ಟೇ ನಂಬದೆ ಕನ್ನಡಿಯನ್ನೂ ನೋಡಬೇಕು.

ಫ್ರಾನ್ಸ್ ದೇಶದಲ್ಲಿ ಪೊಲೀಸ್ ವಾಹನಕ್ಕೂ ಅಗ್ನಿಶಾಮಕ ವಾಹನಕ್ಕೂ ಬೇರೆ ಬೇರೆ ಸ್ವರಜೋಡಿಗಳು ನಿಗದಿಯಾಗಿವೆ. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೆಯ ನಿಯಮವು ಸಾಮಾನ್ಯ ವಾಹನಗಳಿಗೆ ಬಹುಸ್ವರದ ಹಾರ್ನ್ ನಿಷೇಧಿಸಿ, ಆಂಬುಲೆನ್ಸ್, ಅಗ್ನಿಶಾಮಕ ಮುಂತಾದ ವಾಹನಗಳಿಗೆ ವಿನಾಯಿತಿ ನೀಡಿದೆ. ಸೈರನ್ನನ್ನು ಹೋಲುವ ಹಾರ್ನನ್ನು ಮೋಜಿಗಾಗಿ ಬೈಕಿಗೆ ಹಾಕಿಸಿಕೊಳ್ಳುವುದು ಅಪಾಯದಲ್ಲಿರುವವರ ಕೂಗಿಗೆ ಜನ ಕಿವುಡಾಗುವಂತೆ ಮಾಡುತ್ತದೆ. ಇದನ್ನು ಹಗುರವಾಗಿ ಕಾಣುವುದು ತಪ್ಪು.

ಎರಡು ವಾಹನಗಳು ಒಂದರ ಹಿಂದೊಂದು ಧಾವಿಸುವಾಗಲಂತೂ ದನಿಯ ವ್ಯತ್ಯಾಸ ಬಹಳ ಮುಖ್ಯ. ಎರಡೂ ಒಂದೇ ರೀತಿ ಕೂಗಿದರೆ ಕೇಳುವವರಿಗೆ ಒಂದೇ ವಾಹನವೆನಿಸುತ್ತದೆ. ತನ್ನದೇ ಸೈರನ್ನಿನ ಅಬ್ಬರದಲ್ಲಿ ಒಬ್ಬ ಚಾಲಕನಿಗೆ ಇನ್ನೊಬ್ಬನ ಸುಳಿವೂ ಸಿಗುವುದಿಲ್ಲ. ಅಗ್ನಿಶಾಮಕ ವಾಹನ ದಾಟಿದೊಡನೆ ಗಾಡಿಯನ್ನು ರಸ್ತೆಗಿಳಿಸುವವರು ಹಿಂದೆ ಬರುವ ಆಂಬುಲೆನ್ಸಿಗೆ ಅಡ್ಡವಾಗುವುದು ಹೀಗೆಯೇ. ಮೊದಲಿನದು ಹೋದ ಮೇಲೂ ಬೇರೊಂದು ಬಗೆಯ ದನಿ ಕೇಳುತ್ತಿದ್ದರೆ, ಅದು ದಾಟುವವರೆಗೆ ದಯವಿಟ್ಟು ಗಾಡಿಯನ್ನು ಎಡಬದಿಯಲ್ಲಿಯೇ ನಿಲ್ಲಿಸಿಕೊಂಡಿರಿ.