ಹಳೇ ಗಾಡಿಯ ಕಿಲೋಮೀಟರ್: ಬರೆದವರ ಕೈತಪ್ಪಾ, ಮಾರುವವರ ಕೈಚಳಕವಾ?

[ಪರದೆಯಲ್ಲಿ: ನಾಲ್ಕು ಸರ್ವಿಸ್ ಬಿಲ್, ಒಂದರ ಕೆಳಗೆ ಒಂದು]

2019ರಲ್ಲಿ 10,120 ಕಿಲೋಮೀಟರ್. 2020ರಲ್ಲಿ 18,900. 2021ರಲ್ಲಿ 82,750. 2022ರಲ್ಲಿ 37,400.

ನಮಸ್ಕಾರ. ಇವು ಉದಾಹರಣೆಗೆ ನಾನೇ ಬರೆದುಕೊಂಡ ಅಂಕೆಗಳು. ಆದರೆ ಇಂಥ ಬಿಲ್ ಕೈಗೆ ಬಂದರೆ ನೀವೇನು ಮಾಡುತ್ತೀರಿ? ಮೀಟರ್ ತಿರುಗಿಸಿದ್ದಾರೆ ಅಂತ ಎದ್ದು ಹೋಗುತ್ತೀರಿ, ಅಲ್ವಾ? ಸ್ವಲ್ಪ ಕೂತ್ಕೊಳ್ಳಿ ಮಾರಾಯ್ರೆ. 82,750ರ ಮೊದಲ ಎರಡು ಅಂಕೆ ಅದಲುಬದಲು ಮಾಡಿ ನೋಡಿ. 28,750. ಹಿಂದಿನದಕ್ಕೂ ಮುಂದಿನದಕ್ಕೂ ನಡುವೆ ಸರಿಯಾಗಿ ಕೂರುತ್ತದೆ. ಕೌಂಟರಿನಲ್ಲಿ ಟೈಪ್ ಮಾಡಿದವರ ಕೈತಪ್ಪು ಅಷ್ಟೇ.

[ಪರದೆಯಲ್ಲಿ: ಎರಡನೇ ಕಾರಿನ ಅಂಕೆಗಳು]

ಈಗ ಇನ್ನೊಂದು ಕಾರು. 2021ರಲ್ಲಿ 61,000. 2022ರಲ್ಲಿ 78,000. 2023ರಲ್ಲಿ 42,000. 2024ರಲ್ಲಿ 49,000. ಇಲ್ಲಿ ಅಂಕೆ ಇಳಿದದ್ದು ಮತ್ತೆ ಹಳೇ ಸಾಲಿಗೆ ಬರಲೇ ಇಲ್ಲ. ಇಳಿದಲ್ಲಿಂದಲೇ ಹೊಸದಾಗಿ ಏರುತ್ತಾ ಹೋಗಿದೆ. ವ್ಯತ್ಯಾಸ ಇರುವುದು ಇಲ್ಲೇ. ಒಂದೇ ಸಲ ತಪ್ಪಿ ಮತ್ತೆ ಸಾಲಿಗೆ ಬಂದರೆ ಬರೆದವರ ತಪ್ಪು. ಇಳಿದು ಅಲ್ಲೇ ಉಳಿದರೆ ಮೀಟರ್ ಬದಲಾಗಿದೆ, ಇಲ್ಲವೇ ಯಾರೋ ಬದಲಾಯಿಸಿದ್ದಾರೆ.

ಮೀಟರ್ ಬದಲಾಗುವುದಕ್ಕೆ ನಿಜವಾದ ಕಾರಣವೂ ಇರುತ್ತದೆ. ಮಳೆಗಾಲದಲ್ಲಿ ನೀರು ನುಗ್ಗಿಯೋ ಇನ್ನೇನಾಗಿಯೋ ಮೀಟರ್ ಕೆಟ್ಟರೆ ಹೊಸದು ಹಾಕುತ್ತಾರೆ. ಹಾಗಾಗಿದ್ದರೆ ಅದಕ್ಕೊಂದು ಬಿಲ್ ಇರಬೇಕು. ಬಿಲ್ ಕೇಳಿ. "ಕಳೆದುಹೋಯ್ತು" ಅಂದರೆ ನನ್ನ ಲೆಕ್ಕದಲ್ಲಿ ಆ ಗಾಡಿಯ ಕಿಲೋಮೀಟರ್ ಗೊತ್ತಿಲ್ಲ ಅಂತಲೇ ಅರ್ಥ. ಬೆಲೆಯನ್ನೂ ಹಾಗೇ ಹೇಳಿ.

[ಪರದೆಯಲ್ಲಿ: ಹಳೇ ಬೈಕಿನ ಮೀಟರ್, ಕೇಬಲ್]

ಹಳೇ ಬೈಕು, ಸ್ಕೂಟರಿನಲ್ಲಿ ಕತೆ ಬೇರೆ. ಅದರಲ್ಲಿ ಮೀಟರ್ ಓಡುವುದು ಹೆಚ್ಚಾಗಿ ಮುಂದಿನ ಚಕ್ರದಿಂದ ಬರುವ ಕೇಬಲಿನಿಂದ. ಕೇಬಲ್ ತುಂಡಾದರೂ ಗಾಡಿ ಓಡುತ್ತದೆ, ಮೀಟರ್ ಮಾತ್ರ ನಿಂತಿರುತ್ತದೆ. ಎಷ್ಟೋ ಜನ ವರ್ಷಗಟ್ಟಲೆ ಹಾಗೇ ಓಡಿಸುತ್ತಾರೆ. ಐದೇ ಅಂಕೆಯ ಮೀಟರ್ ಆದರೆ 99,999 ದಾಟಿದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಮಾರುವವರು ಮೋಸ ಮಾಡದಿದ್ದರೂ ಅಂಕೆ ಸುಳ್ಳಾಗಿರಬಹುದು.

ಡಿಜಿಟಲ್ ಮೀಟರ್ ಅಂದರೆ ಭದ್ರ ಅಂದುಕೊಳ್ಳಬೇಡಿ. ಅಲ್ಲಿ ಕಿಲೋಮೀಟರ್ ಒಂದು ಚಿಪ್ಪಿನಲ್ಲಿ ಕೂತಿರುತ್ತದೆ, ಅದನ್ನು ಬದಲಿಸುವ ಸಾಧನಗಳೂ ಉಂಟು. ಕೆಲವು ಕಾರುಗಳಲ್ಲಿ ಮಾತ್ರ ಎಂಜಿನ್, ಗೇರ್‌ಬಾಕ್ಸ್ ಅಥವಾ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡುವ) ಯೂನಿಟ್ ಕೂಡ ತನ್ನದೇ ಲೆಕ್ಕ ಇಟ್ಟುಕೊಳ್ಳುತ್ತದೆ. ಸ್ಕ್ಯಾನರ್ ಇರುವ ಮೆಕ್ಯಾನಿಕ್ ಆದರೆ ಎರಡನ್ನೂ ಹೋಲಿಸಿ ಹೇಳಬಲ್ಲರು. ಎಲ್ಲ ಕಾರಿನಲ್ಲೂ ಇದು ಸಿಗುವುದಿಲ್ಲ.

[ಪರದೆಯಲ್ಲಿ: ಉಪ್ಪಳ, ಕುಂಬಳೆ, ತಲಪಾಡಿಯ ನಕ್ಷೆ]

ನಮ್ಮ ಕಾಸರಗೋಡಿನ ಕಡೆ ಬ್ರೋಕರ್ ಬಾಯಲ್ಲಿ ಬರುವ ಒಂದು ಮಾತು ನಿಮಗೂ ಗೊತ್ತು. "ಗಲ್ಫಿನವರ ಗಾಡಿ, ಶೆಡ್ಡಲ್ಲೇ ನಿಂತಿತ್ತು." ಇದನ್ನು ನಗಾಡಿ ತಳ್ಳಿಹಾಕುವ ಹಾಗಿಲ್ಲ. ರಜೆಗೆ ಬಂದಾಗ ಮಾತ್ರ ಓಡುವ ಕಾರುಗಳು ನಮ್ಮಲ್ಲಿ ನಿಜಕ್ಕೂ ಇವೆ. ಆರು ವರ್ಷಕ್ಕೆ 25 ಸಾವಿರ ಕಿಲೋಮೀಟರ್ ಓಡಿದ್ದು ಸುಳ್ಳೇ ಆಗಬೇಕೆಂದಿಲ್ಲ. ಆದರೆ ಮಂಜೇಶ್ವರದಿಂದ ದಿನಾ ಮಂಗಳೂರಿಗೆ ಹೋಗಿಬಂದ ಕಾರಿಗೂ ಇದೇ ಮಾತು ಹೇಳಬಹುದಲ್ಲ? ಹಾಗಾಗಿ ಮಾತು ಬಿಡಿ, ಗಾಡಿ ನೋಡಿ.

ಓಡಿದ ಗಾಡಿಯ ಗುರುತು ಬೇರೆ, ನಿಂತ ಗಾಡಿಯ ಗುರುತು ಬೇರೆ. ಓಡಿದ್ದರಲ್ಲಿ ಬ್ರೇಕ್, ಕ್ಲಚ್ ಪೆಡಲಿನ ರಬ್ಬರ್ ಸವೆದಿರುತ್ತದೆ. ಸ್ಟಿಯರಿಂಗ್ ನುಣ್ಣಗೆ ಹೊಳೆಯುತ್ತದೆ. ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿರುತ್ತದೆ. ಹತ್ತಿ ಇಳಿಯುವಾಗ ಅಲ್ಲೇ ಅಲ್ವಾ ಉಜ್ಜುವುದು? ನಿಂತ ಗಾಡಿಯಲ್ಲಿ ಟಯರಿನ ಬದಿಯಲ್ಲಿ ಬಿರುಕು, ಸೋತ ಬ್ಯಾಟರಿ. ಕಡಲ ಬದಿಯಲ್ಲಿ ನಿಂತಿದ್ದರೆ ಅಡಿಯಲ್ಲಿ ತುಕ್ಕು. ಕಿಲೋಮೀಟರ್ ಕಮ್ಮಿ ಅಂತ ಜಾಸ್ತಿ ದುಡ್ಡು ಕೊಟ್ಟು, ಆಮೇಲೆ ಇದಕ್ಕೆಲ್ಲ ಖರ್ಚು ಮಾಡಿದರೆ ಲಾಭ ಎಲ್ಲಿಂದ?

[ಪರದೆಯಲ್ಲಿ: ಟಯರಿನ ಬದಿಯ ನಾಲ್ಕು ಅಂಕೆ, ಹತ್ತಿರದಿಂದ]

ಟಯರಿನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಾರು 2019ರದ್ದು, ಮೀಟರಿನಲ್ಲಿ 22 ಸಾವಿರ, ಟಯರ್ ನಾಲ್ಕೂ 2022ರದ್ದು ಅಂತಿಟ್ಟುಕೊಳ್ಳಿ. ಅಷ್ಟು ಬೇಗ ಯಾಕೆ ಬದಲಿಸಿದಿರಿ ಅಂತ ಕೇಳಿ. ಚಕ್ರದ ಅಲೈನ್‌ಮೆಂಟ್ ಮಾಡಿಸಿದ ಚೀಟಿ ಇದೆಯಾ ಅಂತಲೂ ಕೇಳಿ, ಅದರಲ್ಲಿ ಸಾಮಾನ್ಯವಾಗಿ ಕಿಲೋಮೀಟರ್ ಬರೆದಿರುತ್ತಾರೆ. ಬಾನೆಟ್ ಎತ್ತಿದರೆ ಆಯಿಲ್ ಬದಲಿಸಿದವರ ಸ್ಟಿಕ್ಕರ್ ಸಿಗಬಹುದು. ಮೀಟರ್ ತಿರುಗಿಸಿದವರು ಮರೆಯುವುದು ಇಂಥ ಸಣ್ಣ ಕಾಗದಗಳನ್ನೇ.

ಸರ್ವಿಸ್ ಹಿಸ್ಟರಿಯನ್ನು ಮಾರುವವರನ್ನು ಜೊತೆಯಲ್ಲೇ ಕೂರಿಸಿಕೊಂಡು ತೆಗೆಸಿ. ಬೇರೆಯವರಿಗೆ ಶೋರೂಂನವರು ಕೊಡದೇ ಇರಬಹುದು. ಗಡಿಯವರಿಗೆ ಒಂದು ತೊಡಕು ಉಂಟು. ಒಂದು ಸರ್ವಿಸ್ ಕಾಸರಗೋಡಿನಲ್ಲಿ, ಇನ್ನೊಂದು ಮಂಗಳೂರಿನಲ್ಲಿ, ನಡುವೆ ಊರಿನ ಗ್ಯಾರೇಜಿನಲ್ಲಿ. ದಾಖಲೆಯಲ್ಲಿ ಎರಡು ವರ್ಷ ಖಾಲಿ ಇದ್ದರೆ ಅದಷ್ಟಕ್ಕೇ ಕಳ್ಳತನ ಅಲ್ಲ. ಗ್ಯಾರೇಜಿನವರನ್ನೇ ಹೋಗಿ ಕೇಳಬಹುದಲ್ಲ. ವಿಮೆ ಮುಗಿದು ಮತ್ತೆ ಮಾಡಿಸಿದ್ದರೆ ಆಗಿನ ಪರಿಶೀಲನೆಯ ಫೋಟೋದಲ್ಲೂ ಮೀಟರ್ ಕಾಣಬಹುದು. ತುಂಬಾ ಜನರಿಗೆ ಇದು ಹೊಳೆಯುವುದೇ ಇಲ್ಲ.

[ಪರದೆಯಲ್ಲಿ: ಮಾರಾಟದ ಕರಾರು ಪತ್ರ, ಒಂದು ಸಾಲಿಗೆ ಗೆರೆ]

ಮಾತು ಮುಗಿದ ಮೇಲೆ ಕರಾರು ಪತ್ರದಲ್ಲಿ ಗಾಡಿ ಕೊಟ್ಟ ದಿನ, ಸಮಯ, ಮೀಟರಿನ ಅಂಕೆ ಬರೆಸಿ. "ಇದು ನಿಜವಾಗಿ ಓಡಿದ ಕಿಲೋಮೀಟರ್" ಅಂತ ಒಂದು ಸಾಲು, ಅದರ ಕೆಳಗೆ ಸಹಿ. ಸರಿ ಇದ್ದವರು ಸಹಿ ಹಾಕಲು ಹಿಂದೆಮುಂದೆ ನೋಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಡೀಲರ್ ಆದರೆ ಅವರ ಅಧಿಕೃತ ಪತ್ರವನ್ನೂ ನೋಡಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ಇಂಥ ಡೀಲರ್ ತನ್ನ ಕೈಯಲ್ಲಿರುವ ಗಾಡಿ ಯಾಕೆ ಓಡಿತು, ಯಾರು ಓಡಿಸಿದರು, ಎಷ್ಟು ದೂರ ಅನ್ನುವುದಕ್ಕೆ ರಿಜಿಸ್ಟರ್ ಇಡಬೇಕು. ಕೇಳಿ ನೋಡಿ, ತಪ್ಪಿಲ್ಲ.

ಡೀಲರ್ ಮೋಸ ಮಾಡಿದ್ದು ಆಮೇಲೆ ಗೊತ್ತಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ನೀವು ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವ್ಯಾಪಾರಿ ಅಲ್ಲದ, ತನ್ನದೇ ಗಾಡಿ ಮಾರಿದ ಸಾಮಾನ್ಯ ಮನುಷ್ಯನ ಮೇಲಾದರೆ ಆ ದಾರಿ ಕಷ್ಟ. ಆಗ ವಂಚನೆ ಅಂತ ಪೊಲೀಸರಿಗೆ ದೂರು ಕೊಡುವುದು, ಇಲ್ಲವೇ ಸಿವಿಲ್ ಕೋರ್ಟು. ಎರಡರಲ್ಲೂ ನಿಮ್ಮನ್ನು ಮೊದಲು ಕೇಳುವುದು ಆ ಸಹಿ ಹಾಕಿಸಿದ ಕಾಗದವನ್ನೇ.